ಕೊಸರಿನ ಗುಬ್ಬಿ, ದಿನದಿನದ ಹೊಸತನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ, ಕಲಬುರಗಿ, ಯಾದಗಿರಿ ಸೀಮೆಯ ಸಭೆಗಳಲ್ಲಿ, ಮನೆ ಪ್ರಾರ್ಥನೆಗಳಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇವೆ. ಪ್ರಶ್ನೆಗಳನ್ನು ಕೇಳುವವರ ಬಾಯಿಮಾತಿನಲ್ಲೇ ಇಟ್ಟಿದ್ದೇವೆ. ವಚನಗಳ ಅಂಕಿ ಕೊಟ್ಟಿರುವುದರಿಂದ ಸತ್ಯವೇದ ತೆರೆದಿಟ್ಟುಕೊಂಡು ಓದಿ.

ಇಷ್ಟು ದೊಡ್ಡ ಲೋಕ ನಡಸೋ ದೇವರಿಗೆ ನಮ್ಮ ಮನಿ ಸಣ್ಣ ಸಣ್ಣ ಸಂಗತಿ ಯಾಕ ಬೇಕು?

ಯೇಸು ಸ್ವಾಮಿ ಇದಕ್ಕೆ ಸಂತೆಯ ಲೆಕ್ಕದಲ್ಲಿ ಉತ್ತರ ಕೊಟ್ಟಿದ್ದಾರೆ. ಮತ್ತಾಯ 10:29ರಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12:6ರಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಎರಡೂ ವಚನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡು ಕಾಸಿಗೆ ನಾಲ್ಕೇ ಬರಬೇಕಿತ್ತು, ಐದು ಬಂದಿವೆ. ಐದನೆಯದು ಕೊಸರು.

ಕಾಯಿಪಲ್ಲೆ ಸಂತೆಯಲ್ಲಿ ಬದನೆಕಾಯಿ ತೂಗಿ ಹಾಕಿದ ಮೇಲೂ ಕೊಳ್ಳುವವರು ಚೀಲದ ಬಾಯಿ ಮುಚ್ಚದೆ ನಿಲ್ಲುತ್ತಾರೆ. ಆಗ ಮಾರುವಾಕೆ ಮೇಲೊಂದು ಹಿಡಿ ಕೊತ್ತಂಬರಿ ಎಸೆಯುತ್ತಾಳೆ. ಅದು ತಕ್ಕಡಿ ಏರಿಲ್ಲ, ಅದಕ್ಕೆ ದರ ಇಲ್ಲ. ಐದನೆಯ ಗುಬ್ಬಿಯ ಪಾಡೂ ಅಷ್ಟೇ. ಆ ಕಾಸಿನ ಹೆಸರು ಅಸ್ಸಾರಿಯೋನ್. ಒಂದು ದೆನಾರಿಯಸ್ಸಿನಲ್ಲಿ ಹದಿನಾರು ಅಸ್ಸಾರಿಯೋನ್. ದೆನಾರಿಯಸ್ ಎಂದರೆ ಒಂದು ದಿನದ ಕೂಲಿ (ಮತ್ತಾಯ 20:2). ಇವತ್ತಿನ ಕೂಲಿ 400 ರೂಪಾಯಿ ಎಂದು ಹಿಡಿದರೆ ಒಂದು ಕಾಸು 25 ರೂಪಾಯಿ ಆಯಿತು. ಅಷ್ಟು ಅಗ್ಗದ ನಾಲ್ಕು ಗುಬ್ಬಿಗಳ ಮೇಲೆ ಪುಕ್ಕಟೆ ಬಂದ ಐದನೆಯದನ್ನೂ ಸೇರಿಸಿ, ಅವುಗಳಲ್ಲಿ ಒಂದನ್ನಾದರೂ ದೇವರು ಮರೆಯುವುದಿಲ್ಲ ಎನ್ನುತ್ತಾನೆ ಲೂಕ. ಮಾರುವವನೇ ಲೆಕ್ಕಕ್ಕೆ ಹಿಡಿಯದ ಗುಬ್ಬಿ ದೇವರ ಲೆಕ್ಕದಲ್ಲಿದೆ.

ಮತ್ತಾಯದಲ್ಲಿ ಈ ಮಾತು ಯಾರಿಗೆ ಬಂತು ಎಂಬುದನ್ನೂ ನೋಡಬೇಕು. ನಿಮ್ಮನ್ನು ನ್ಯಾಯಸಭೆಗಳಿಗೆ ಎಳೆದೊಯ್ಯುತ್ತಾರೆ, ಹೊಡೆಯುತ್ತಾರೆ ಎಂದು ಮೊದಲೇ ಹೇಳಿಸಿಕೊಂಡ ಹನ್ನೆರಡು ಮಂದಿಗೆ. ನೆಮ್ಮದಿಯಾಗಿ ಕೂತವರಿಗೆ ಸವಿಮಾತಾಗಿ ಹೇಳಿದ್ದಲ್ಲ.

ತಲಿಕೂದಲು ಎಣಿಸ್ಯಾನ ಅಂದರ ಅದು ಬರೇ ಮಾತಿನ ಚಂದಕ್ಕಲ್ಲೇನು?

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಉದುರುತ್ತವೆ, ಹೊಸವು ಹುಟ್ಟುತ್ತವೆ. ಹಾಗಾಗಿ ಒಮ್ಮೆ ಎಣಿಸಿ ಬರೆದಿಟ್ಟ ಲೆಕ್ಕ ಮರುದಿನ ಬಾಚಣಿಗೆ ಆಡಿಸುವಷ್ಟರಲ್ಲಿ ತಪ್ಪಿಹೋಗುತ್ತದೆ. ಲೆಕ್ಕ ಸರಿಯಿರಬೇಕಾದರೆ ದಿನಾಲೂ ನೋಡುವವನೇ ಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಪೂರ್ತಿ ಹೋದವರ ಮುಂದೆ ಈ ವಚನ ಓದಲು ಹಲವರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಉದುರಿದ್ದೂ ಆ ಲೆಕ್ಕದೊಳಗೇ ಇದೆ.

ಹಂಗಾದರ ಗುಬ್ಬಿ ಯಾಕ ಬೀಳ್ತದ? ತೊಗರಿ ನೆಟೆ ಹೋದಾಗ ದೇವರು ಎಲ್ಲಿದ್ದ?

ಎಲ್ಲಕ್ಕಿಂತ ನೋವಿನ ಪ್ರಶ್ನೆ ಇದೇ. ಇದನ್ನು ಹಾರಿಸಿ ಹೋಗುವ ಬೋಧನೆಯಿಂದ ಯಾರಿಗೂ ಉಪಯೋಗವಿಲ್ಲ.

ಗುಬ್ಬಿ ಬೀಳುವುದೇ ಇಲ್ಲ ಎಂದು ಮತ್ತಾಯ 10:29 ಎಲ್ಲಿಯೂ ಹೇಳುವುದಿಲ್ಲ. ಬೀಳುವುದು ತಂದೆಯನ್ನು ಬಿಟ್ಟು ಆಗುವುದಿಲ್ಲ ಎಂದಷ್ಟೇ ಹೇಳುತ್ತದೆ. ದೇವರ ಕಾಳಜಿ ಎಂದರೆ ಏನೂ ಆಗದಂತೆ ಕಾಯುವ ತಾಯಿತ ಎಂದು ತಿಳಿದವರ ನಂಬಿಕೆ ಮೊದಲ ಬೆಳೆನಷ್ಟಕ್ಕೇ ಕುಸಿಯುವುದು ಈ ಕಾರಣಕ್ಕೆ.

ಹೂವು ಕಾಯಿಗೆ ಬಂದ ತೊಗರಿ ಒಂದು ವಾರದಲ್ಲಿ ನಿಂತ ನಿಂತಲ್ಲೇ ಒಣಗಿದಾಗ ರೈತನ ಎದುರು ಹೇಳಬಾರದ ಮಾತೊಂದಿದೆ: "ನಿಮ್ಮ ಮನೆಯಲ್ಲಿ ಏನೋ ಪಾಪ ಇರಬೇಕು." ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಕೇಳಿ ಯೇಸು ಆ ಯೋಚನೆಯನ್ನೇ ತಳ್ಳಿಹಾಕಿದರು (ಲೂಕ 13:4-5). ಯೋಬನ ಮೂವರು ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಕೂತರು. ಅಷ್ಟು ಮಟ್ಟಿಗೆ ಅವರು ಮಾಡಿದ್ದು ಸರಿಯಾಗಿತ್ತು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು, ಮತ್ತು ಕೊನೆಗೆ ದೇವರ ಸಿಟ್ಟು ತಿರುಗಿದ್ದು ಅವರ ಮೇಲೆ (ಯೋಬ 42:7).

ನೆಟೆ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಶಿಲೀಂಧ್ರ. ಅದು ಬೇರಿನಿಂದ ಒಳಹೊಕ್ಕು ನೀರು ಏರುವ ನಾಳವನ್ನು ಕಟ್ಟುತ್ತದೆ. ಬೆಳೆ ಕಿತ್ತ ಮೇಲೂ ಅದೇ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವರ್ಷಾವರ್ಷ ಒಂದೇ ಹೊಲಕ್ಕೆ ತೊಗರಿಯನ್ನೇ ಹಾಕಿದಲ್ಲಿ ಅದು ಹೆಚ್ಚು. ನಡುವೆ ಜೋಳ ಹಾಕಿದಲ್ಲಿ, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಉಪಚಾರ ಮಾಡಿ ಬಿತ್ತಿದಲ್ಲಿ ಕಡಿಮೆ. ಇಷ್ಟನ್ನು ತಿಳಿಸಿ ಹೇಳುವುದೂ ಸಭೆಯ ಸೇವೆಯೇ. ಹಾಗೆಯೇ ಹೊಲಕ್ಕೆ ನೀರು ನುಗ್ಗಿದರೆ, ಆಲಿಕಲ್ಲು ಬಿದ್ದರೆ, ಬೆಳೆ ವಿಮೆ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ದುಃಖದಲ್ಲಿ ಮೂರು ದಿನ ಕಳೆದುಹೋಗುತ್ತವೆ. ಪ್ರಾರ್ಥನೆಗೆ ಹೋದವರಲ್ಲಿ ಒಬ್ಬರಾದರೂ ಆ ಮನೆಯವರನ್ನು ಕೂರಿಸಿಕೊಂಡು ಅರ್ಜಿ ತುಂಬಿಸಿ ಬಂದರೆ, ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಪ್ರಸಂಗ ಬೇರೆ ಇಲ್ಲ.

"ದೇವರು ಎಲ್ಲಿದ್ದ" ಎಂಬುದಕ್ಕೆ ನಾವು ನಂಬಿರುವ ಉತ್ತರ ಒಂದೇ: ಬಿದ್ದಲ್ಲೇ ಇದ್ದ. ಶಿಲುಬೆಯ ಕಡೆ ಬೆರಳು ತೋರಿಸದೆ ಆ ಮಾತು ಹೇಳುವ ಅಧಿಕಾರ ನಮಗಿಲ್ಲ.

ಗುಬ್ಬಿ ಬಿಟ್ಟರ ಸತ್ಯವೇದದಾಗ ಇಂಥ ಸಣ್ಣ ಸಂಗತಿ ಮತ್ತ ಎಲ್ಲೆಲ್ಲಿ ಅವ?

ಹುಡುಕಿದಷ್ಟೂ ಸಿಗುತ್ತವೆ. ಹೊಸ ಮನೆ ಕಟ್ಟಿದವನು ಮಾಳಿಗೆಯ ಮೇಲೆ ಸುತ್ತುಗೋಡೆ ಕಟ್ಟಬೇಕು, ಯಾರೂ ಬಿದ್ದು ಸಾಯಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ 22:8. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ನಮ್ಮ ಸೀಮೆಯವರಿಗೆ ಈ ಕಟ್ಟಳೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಹಿಂದಿನ ಎರಡು ವಚನಗಳಲ್ಲಿ ಹಕ್ಕಿಗೂಡಿನ ವಿಷಯ: ಮರಿಯ ಜೊತೆ ತಾಯಿಯನ್ನು ಹಿಡಿಯಬಾರದು. ಬಡವನಿಂದ ಒತ್ತೆ ಇಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವ ಮುಂಚೆ ತಿರುಗಿ ಕೊಡಬೇಕು, ಯಾಕೆಂದರೆ ರಾತ್ರಿ ಹೊದೆಯಲು ಅವನಿಗೆ ಬೇರೆ ಇಲ್ಲ (ವಿಮೋಚನಕಾಂಡ 22:26-27). ಕಡ ತಂದ ಕೊಡಲಿಯ ತಲೆ ಹೊಳೆಗೆ ಬಿದ್ದಾಗ ಎಲೀಷ ಅದನ್ನು ತೇಲಿಸಿಕೊಟ್ಟ (2 ಅರಸುಗಳು 6). ಕಳಕೊಂಡವನ ಬಾಯಿಂದ ಬಂದ ಮೊದಲ ಮಾತೇ "ಅಯ್ಯೋ, ಅದು ಕಡ ತಂದದ್ದು." ಕಡ ತಂದವರ ಹೊಟ್ಟೆಯೊಳಗಿನ ಉರಿ ಬಲ್ಲವರಿಗೇ ಆ ಮಾತಿನ ತೂಕ ಗೊತ್ತು.

ನಮಗೆ ಬಹಳ ಹಿಡಿಸಿದ್ದು ಮಾರ್ಕ 5:43. ಯಾಯೀರನ ಹನ್ನೆರಡು ವರ್ಷದ ಮಗಳು ಸತ್ತು ಎದ್ದಿದ್ದಾಳೆ. ಮನೆಯವರೆಲ್ಲ ದಿಗ್ಭ್ರಮೆಯಾಗಿ ನಿಂತಿದ್ದಾರೆ. ಆ ಗದ್ದಲದಲ್ಲಿ ಹುಡುಗಿಗೆ ಹಸಿವಾಗಿರುತ್ತದೆ ಎಂದು ನೆನಪಾದದ್ದು ಯೇಸುವಿಗೊಬ್ಬರಿಗೇ. ಊಟಕ್ಕೆ ಏನಾದರೂ ಕೊಡಿ ಎಂದರು.

ವಿಮೋಚನಕಾಂಡದಾಗ ಗುಡಾರದ ಅಳತಿ ಓದಲಿಕ್ಕ ಬ್ಯಾಸರ ಬರ್ತದ. ಅದು ಯಾಕ ಅಷ್ಟು ಉದ್ದ ಅದ?

ಇಸ್ರಾಯೇಲ್ಯರು ಅರಣ್ಯದಲ್ಲಿ ದೇವರ ಆರಾಧನೆಗೆಂದು ಕಟ್ಟಿದ ಗುಡಾರದ ವಿವರ ಇದು: 25ರಿಂದ 31 ಮತ್ತು 35ರಿಂದ 40, ಒಟ್ಟು ಹದಿಮೂರು ಅಧ್ಯಾಯ. ನಡುವಿನ ಮೂರರಲ್ಲಿ ಬಂಗಾರದ ಕರುವಿನ ಕಥೆ. ಓದುವವರು ಆ ಮೂರನ್ನು ಓದಿ ಉಳಿದದ್ದನ್ನು ಹಾರಿಸುತ್ತಾರೆ. ಬೀದರಿನವರಂತೂ ಹಾರಿಸಬಾರದು.

ಬಿದರಿ ಕೆಲಸ ಎದುರು ಕೂತು ನೋಡಿದವರಿಗೆ ಈ ಅಧ್ಯಾಯಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೀರು ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಮೊನೆಯಿಂದ ಹೂಬಳ್ಳಿ ಬರೆದು, ಸಣ್ಣ ಉಳಿಯಿಂದ ಕೆತ್ತಿ, ಆ ಗೀರಿನೊಳಕ್ಕೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಗೀರು ಸಾಕಷ್ಟು ಆಳವಿಲ್ಲದಿದ್ದರೆ ತಂತಿ ಎದ್ದುಬರುತ್ತದೆ. ಕೊನೆಗೆ ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ, ಪಾತ್ರೆ ಬಿಸಿ ಮಾಡಿ ಉಜ್ಜಿದಾಗ ಮೈಯೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಸಿಗದಿದ್ದರೆ ಆ ಕಪ್ಪು ಬರುವುದಿಲ್ಲ. ಇಲ್ಲಿ ಸಣ್ಣದು ಎಂದು ಬಿಟ್ಟುಬಿಡಬಹುದಾದ ಹಂತ ಯಾವುದು, ಹೇಳಿ.

ಈಗ ವಿಮೋಚನಕಾಂಡ 31:2-5 ಓದಿ. ದೇವರ ಆತ್ಮದಿಂದ ತುಂಬಿದವನು ಎಂದು ಸತ್ಯವೇದ ಮೊಟ್ಟಮೊದಲು ಹೇಳುವುದು ಬೆಚಲೇಲನೆಂಬ ಕಸುಬುದಾರನನ್ನು. ಬಂಗಾರ, ಬೆಳ್ಳಿ, ತಾಮ್ರದ ಕೆಲಸಕ್ಕೆ, ಕಲ್ಲು ಕೆತ್ತುವುದಕ್ಕೆ, ಮರದ ಕೆಲಸಕ್ಕೆ ಆ ತುಂಬುವಿಕೆ. ಪವಿತ್ರಾತ್ಮ ಎಂದರೆ ಸಭೆಯಲ್ಲಿ ಕೂಗುವಾಗ ಮಾತ್ರ ಬರುವುದು ಎಂದುಕೊಂಡವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು 38ನೆಯ ಅಧ್ಯಾಯದ ಬೆಳ್ಳಿ ಲೆಕ್ಕ. ಎಣಿಕೆಯಾದ ಗಂಡಸರು 6,03,550. ತಲೆಗೆ ಅರ್ಧ ಶೆಕೆಲ್ (ಶೆಕೆಲ್ ಎಂದರೆ ಬೆಳ್ಳಿ ತೂಗುವ ಅಳತೆ, 3,000 ಶೆಕೆಲ್‌ಗೆ ಒಂದು ತಲಾಂತು). ಒಟ್ಟು 3,01,775 ಶೆಕೆಲ್, ಅಂದರೆ 100 ತಲಾಂತು ಮತ್ತು ಮೇಲೆ 1,775 ಶೆಕೆಲ್. ನೂರು ತಲಾಂತಿನಿಂದ ನೂರು ಗದ್ದಿಗೆಕಲ್ಲುಗಳಂಥ ಅಡಿಗಳನ್ನು ಎರಕ ಹೊಯ್ದರು. ಮಿಕ್ಕ 1,775 ಎಲ್ಲಿ ಹೋಯಿತು ಎಂದು ಯಾರೂ ಕೇಳುವ ಮುಂಚೆಯೇ 28ನೆಯ ವಚನ ಹೇಳುತ್ತದೆ: ಕಂಬಗಳ ಕೊಂಡಿಗಳಿಗೆ, ಬೋದಿಗೆಗಳ ತಗಡಿಗೆ, ಕಟ್ಟುಗಳಿಗೆ. ಬಡವನ ಅರ್ಧ ಶೆಕೆಲ್ಲೂ ದೇವರ ಮನೆಯ ಯಾವುದೋ ಕೊಂಡಿಯಾಗಿ ನಿಂತಿದೆ, ಲೆಕ್ಕವೂ ಜನರ ಮುಂದಿದೆ. ಕಾಣಿಕೆ ಲೆಕ್ಕ ಕೇಳಿದರೆ ಮುಖ ಸಿಂಡರಿಸುವ ಸಭೆ ಈ ಅಧ್ಯಾಯವನ್ನು ಓದಿಲ್ಲ ಎಂದೇ ಅರ್ಥ. ಪ್ರತಿ ಭಾನುವಾರ ಸಂಬಂಧಿಕರಲ್ಲದ ಇಬ್ಬರು ಕೂತು ಎಣಿಸಲಿ, ಇಬ್ಬರೂ ಸಹಿ ಹಾಕಲಿ, ತಿಂಗಳ ಮೊದಲ ಭಾನುವಾರ ಮೊತ್ತವನ್ನು ಓದಲಿ. ಪೌಲನೂ ಕಾಣಿಕೆ ಒಯ್ಯುವಾಗ ಒಬ್ಬನೇ ಹೋಗಲಿಲ್ಲ (2 ಕೊರಿಂಥ 8:18-21).

"ಹೊಸಬರಾಗ್ರಿ" ಅಂತಾರ. ಏನು ಹೊಸದಾಗಬೇಕು, ಹೆಂಗ ಆಗ್ತದ?

ಕೀರ್ತನೆ 51:10ರಲ್ಲಿ ಎರಡು ಬೇಡಿಕೆಗಳಿವೆ. ಶುದ್ಧಹೃದಯವನ್ನು ನಿರ್ಮಿಸು ಎಂಬುದು ಮೊದಲನೆಯದು. ಆ ಕ್ರಿಯಾಪದ ಬಾರಾ, ಆದಿಕಾಂಡದ ಮೊದಲ ವಚನದಲ್ಲಿ ದೇವರು ಆಕಾಶ ಭೂಮಿಗಳನ್ನು ಉಂಟುಮಾಡಿದ ಕ್ರಿಯೆಯೇ. ಎರಡನೆಯದು ಸ್ಥಿರಚಿತ್ತವನ್ನು ನೂತನಪಡಿಸು. ಆ ಕ್ರಿಯಾಪದದ ಮೂಲ ಹಾದಾಶ್. ಅರಸನಾದ ಯೋವಾಷನ ಕಾಲದಲ್ಲಿ ಬಡಗಿಗಳನ್ನೂ ಕಲ್ಲುಕುಟಿಗರನ್ನೂ ಕರೆಸಿ ಪಾಳುಬಿದ್ದ ದೇವಾಲಯದ ಜೀರ್ಣೋದ್ಧಾರ ಮಾಡಿಸಿದಾಗಲೂ ಇದೇ ಪದ (2 ಪೂರ್ವಕಾಲವೃತ್ತಾಂತ 24:4, 12). ಹಾಗಾಗಿ ಹೊಸದಾಗುವುದರಲ್ಲಿ ಎರಡೂ ಸೇರಿವೆ: ಇಲ್ಲದ್ದನ್ನು ದೇವರು ಉಂಟುಮಾಡುವುದು, ಇದ್ದು ಹಾಳಾದದ್ದನ್ನು ದುರಸ್ತಿ ಮಾಡುವುದು.

ದುರಸ್ತಿಯ ಮಾತಿಗೆ ನಮ್ಮ ನೆಲದಲ್ಲೇ ಉದಾಹರಣೆ ಇದೆ. ಬೀದರಿನ ನೌಬಾದ ಬಳಿ ನೆಲದಡಿ ಹರಿಯುವ ಕರೇಜ್, ಜನ ಸುರಂಗ ಬಾವಿ ಎನ್ನುವುದು, ಬಹಮನಿಗಳ ಕಾಲದ್ದು. ಗಟ್ಟಿ ಕೆಂಗಲ್ಲಿನ ಕೆಳಗೆ ತುಸು ಇಳಿಜಾರಾಗಿ ಕೊರೆದ ಕಾಲುವೆ. ಎತ್ತು ಬೇಡ, ಮೋಟಾರು ಬೇಡ, ಊಟೆಯ ನೀರು ತಾನಾಗಿ ಹರಿಯುತ್ತದೆ. ಅಲ್ಲಲ್ಲಿ ಮೇಲಿನಿಂದ ಇಳಿದ ಬಾವಿಯಂಥ ಕಿಂಡಿಗಳು ಗಾಳಿ ಬೆಳಕಿಗೆ, ಕೆಳಗಿಳಿದು ಹೂಳು ತೆಗೆಯುವುದಕ್ಕೆ. ಕಾಲ ಕಳೆದಂತೆ ಜನ ಆ ಕಿಂಡಿಗಳೊಳಕ್ಕೆ ಕಸ ಸುರಿದರು, ಮಣ್ಣು ಕುಸಿಯಿತು, ನೀರು ನಿಂತಿತು. ಕೆಲವು ವರ್ಷಗಳ ಹಿಂದೆ ಹೂಳೆತ್ತಿದಾಗ ಮತ್ತೆ ಹರಿಯಿತು. ಯಾರೂ ಹೊಸ ನೀರು ತಂದು ಹುಯ್ಯಲಿಲ್ಲ.

ಇಸಾಕ ಮಾಡಿದ್ದೂ ಅದನ್ನೇ. ತಂದೆ ಅಬ್ರಹಾಮ ತೋಡಿಸಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಅವನು ಅವನ್ನೇ ತಿರುಗಿ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟ (ಆದಿಕಾಂಡ 26:18).

ಕರೇಜಿನ ಹೂಳು ಒಂದೇ ದಿನದಲ್ಲಿ ಹೋಗುವುದಿಲ್ಲ, ಬುಟ್ಟಿ ಬುಟ್ಟಿಯಾಗಿ ಹೋಗುತ್ತದೆ. 2 ಕೊರಿಂಥ 4:16ರಲ್ಲಿ ಪೌಲ ಒಳಗಿನ ಮನುಷ್ಯನು ದಿನೇ ದಿನೇ ಹೊಸಬನಾಗುತ್ತಾ ಬರುತ್ತಾನೆ ಎನ್ನುತ್ತಾನೆ. ಮಾಡುವವನು ದೇವರು, ಆದ್ದರಿಂದಲೇ ಅದು ಕೃಪೆ. ಕಿಂಡಿಗೆ ಕಸ ಸುರಿಯದಿರುವುದು, ಸುರಿದದ್ದನ್ನು ಮೇಲೆತ್ತಿ ಕೊಡುವುದು ನಮ್ಮ ಪಾಲು: ಎರಡು ವರ್ಷದಿಂದ ಮಾತು ಬಿಟ್ಟ ತಮ್ಮನಿಗೆ ಒಂದು ಫೋನ್, ಅಂಗಡಿಯ ಹಳೆ ಉದ್ರಿಯಲ್ಲಿ ಈ ತಿಂಗಳು 200 ರೂಪಾಯಿ, ರಾತ್ರಿ ಹತ್ತಕ್ಕೆ ಮೊಬೈಲು ಬೇರೆ ಕೋಣೆಯಲ್ಲಿ.

ಆತನ ಕರುಣೆ ಮುಂಜಾನಿ ಮುಂಜಾನಿ ಹೊಸದು ಅಂತ ಹಾಡ್ತೀವಿ. ಅದು ಖುಷಿಯ ಹಾಡಲ್ಲೇನು?

ಆ ಮಾತು ಇರುವುದು ಪ್ರಲಾಪಗಳು 3:22-23ರಲ್ಲಿ, ಅಂದರೆ ಸುಟ್ಟುಹೋದ ಯೆರೂಸಲೇಮಿನ ಎದುರು ಕೂತು ಅತ್ತ ಅಳುವಿನ ನಟ್ಟನಡುವೆ. ಆ ಅಧ್ಯಾಯ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿದೆ: 22 ಅಕ್ಷರ, ಅಕ್ಷರಕ್ಕೆ ಮೂರು ವಚನ, ಒಟ್ಟು 66. ಎಂಟನೆಯ ಅಕ್ಷರ ಹೇತ್. ಮಾಸದ ಪ್ರೀತಿ ಎಂಬರ್ಥದ ಹೆಸೆದ್ ಆ ಅಕ್ಷರದಿಂದಲೇ ಶುರುವಾಗುತ್ತದೆ. ಏಳು ಅಕ್ಷರಗಳ ತನಕ ಅಳುತ್ತಾ ಬಂದು ಅಲ್ಲಿ ಕವಿ ಆ ಪದವನ್ನು ಹಿಡಿದುಕೊಂಡ. ಅಧ್ಯಾಯ ಮುಗಿಯುವ ಮುಂಚೆ ಅಳು ಮತ್ತೆ ಬರುತ್ತದೆ. ಹಾಡುತ್ತಾ ಯಾರಾದರೂ ಅತ್ತರೆ ಅವರನ್ನು ಸುಮ್ಮನಾಗಿಸಬೇಡಿ. ಅವರು ಹಾಡನ್ನು ಸರಿಯಾಗಿಯೇ ಹಾಡುತ್ತಿದ್ದಾರೆ.

ಭಾಳ ದಣದೀನಿ. ಪ್ರಾರ್ಥನಾನೇ ಬರವಲ್ದು. ನನ್ನ ವಿಶ್ವಾಸ ಸತ್ತಿತೇನು?

1 ಅರಸುಗಳು 19 ಓದಿ. ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಎಂದು ಜಾಲಿಯಂಥ ಗಿಡದ ಕೆಳಗೆ ಬಿದ್ದುಕೊಂಡ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಮತ್ತೆ ಬಂದು ಮತ್ತೆ ಉಣ್ಣಿಸಿದ. ಪ್ರಶ್ನೆ, ಉತ್ತರ, ಮೆಲುದನಿ ಎಲ್ಲ ಬಂದದ್ದು ನಲವತ್ತು ದಿನದ ದಾರಿ ನಡೆದಾದ ಮೇಲೆ.

ಮೊದಲು ಊಟ, ನಿದ್ದೆ. ಪ್ರಾರ್ಥನೆಗೆ ಸ್ವಂತ ಮಾತು ಬಾರದಿದ್ದರೆ ಕೀರ್ತನೆ 13 ಓದಿ, ಆರೇ ವಚನ. ಅಥವಾ ಕರ್ತನ ಪ್ರಾರ್ಥನೆಯ ಒಂದು ಸಾಲು ಸಾಕು. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಅಷ್ಟು ದಿನವೂ ಕಾಯಬಾರದು: ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಗುಳಿಗೆ ತಗೊಳ್ಳುವುದು ಅವಿಶ್ವಾಸ ಎಂದು ಹೇಳುವವರ ಮಾತಿಗೆ ಗುಳಿಗೆ ನಿಲ್ಲಿಸಬೇಡಿ. ಎಲೀಯನಿಗೆ ರೊಟ್ಟಿ ತಂದದ್ದೂ ದೇವದೂತನೇ.

ದಿನಾಲೂ ಇದನ್ನ ಅಭ್ಯಾಸ ಮಾಡಬೇಕಂದರ ಹೆಂಗ ಶುರು ಮಾಡಬೇಕು?

ಒಂದು ನೋಟ್‌ಬುಕ್ಕು, ಒಂದು ಪೆನ್ನು, ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ. ಕಥೋಲಿಕರಲ್ಲಿ 16ನೆಯ ಶತಮಾನದ ಸಂತ ಇಗ್ನೇಷಿಯಸರಿಂದ ಬಂದ ದಿನದ ಆತ್ಮಪರಿಶೋಧನೆಯ ರೂಢಿ ಇದೆ. ಇದು ಅದರ ಹತ್ತಿರದ್ದೇ.

ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. ನಂತರ ಮುಂಜಾನೆ ಎದ್ದಲ್ಲಿಂದ ಶುರುಮಾಡಿ ಹೊತ್ತು ಹೊತ್ತಾಗಿ ದಿನವನ್ನು ತಿರುವಿಹಾಕಿ, ಮೂರು ಸಂಗತಿ ಬರೆಯಿರಿ. ಹೆಸರು, ಹೊತ್ತು, ಪ್ರಮಾಣ ಇರಲಿ. "ದೇವರು ಒಳ್ಳೆಯವನು" ಎಂಬುದು ಇಲ್ಲಿಗೆ ತೀರ ದೊಡ್ಡ ಮಾತು. "ಐದೂವರೆಗೆ ನಳ ಬಂದಾಗ ನಾನು ಏಳಲಿಲ್ಲ, ಪಕ್ಕದ ಮನೆಯ ಅಕ್ಕ ನಮ್ಮವೂ ಎರಡು ಕೊಡ ತುಂಬಿಟ್ಟಳು" ಎಂಬುದು ಸರಿಯಾದ ಅಳತೆ. ಆಮೇಲೆ ನೋವಾದದ್ದು ಒಂದು, ಸಮರ್ಥನೆ ಇಲ್ಲದೆ. ಕೊನೆಗೆ ನಾಳೆಗೆ ಒಬ್ಬರ ಹೆಸರು, ಅವರಿಗಾಗಿ ಮಾಡಬೇಕಾದ ಒಂದು ಕೆಲಸ. ಭಾನುವಾರ ಏಳೂ ದಿನದ್ದನ್ನು ಓದಿ.

ಕೆಡುವುದು ಎಲ್ಲಿ ಎಂದರೆ, ವಾರ ಹತ್ತು ದಿನಕ್ಕೆ "ಊಟ, ಆರೋಗ್ಯ, ಸಂಸಾರ" ಎಂದು ಅದದೇ ಬರತೊಡಗುತ್ತದೆ. ಹೊತ್ತಿನ ಕ್ರಮ ಬಿಟ್ಟು ನೆನಪಾದದ್ದನ್ನು ಬರೆದಾಗ ಹೀಗಾಗುತ್ತದೆ. ಮತ್ತೆ ಮುಂಜಾನೆಯಿಂದ ಶುರುಮಾಡಿ. ಇದಕ್ಕಿಂತ ಅಪಾಯದ ಕೇಡು ಶಕುನ ನೋಡುವುದು: ಬಸ್ಸಿನಲ್ಲಿ ಸೀಟು ಸಿಕ್ಕರೆ ದೇವರು ಮೆಚ್ಚಿದ, ಸಿಗದಿದ್ದರೆ ಮುನಿದ. ಸೀಟು ಸಿಗದೆ ನಿಂತವಳ ಕೂದಲನ್ನೂ ಆತ ಎಣಿಸಿದ್ದಾನೆ. ದಿನ ತಪ್ಪಿದರೆ ಹಾಳೆ ಖಾಲಿ ಬಿಟ್ಟು ಮುಂದೆ ಹೋಗಿ, ಹಿಂದಿನ ತಾರೀಕು ಹಾಕಿ ತುಂಬಿಸಬೇಡಿ. ಬೇರೆಯವರ ಗುಟ್ಟು ಅದರಲ್ಲಿ ಬರೆಯಬೇಡಿ.

ಓದು ಬರಹ ಬಾರದವರು ಬಲಗೈಯ ಐದು ಬೆರಳು ಮಡಚಿ ಎಣಿಸಿದರೆ ಸಾಕು. ಕಿರುಬೆರಳಿನಿಂದ ಶುರುಮಾಡಿ.

ಕರೆಂಟು ಬರಲಿ, ಬಸ್ಸು ಸಿಗಲಿ ಅಂತ ಪ್ರಾರ್ಥನಾ ಮಾಡೋದು ತಪ್ಪೇನು?

ತಪ್ಪಿಲ್ಲ. ದಿನದ ರೊಟ್ಟಿ ಬೇಡಲು ಕಲಿಸಿದವರೇ ಯೇಸು. ಬೇರೊಬ್ಬರಿಗೆ ಕೆಡುಕಾಗುವುದನ್ನು ಮಾತ್ರ ಕೇಳಬಾರದು, ಸಿಗದಿದ್ದಾಗ ದೇವರೊಡನೆ ಮಾತು ಬಿಡಬಾರದು.

ಹೊಸಬರಾಗಲಿಕ್ಕ ಉಪವಾಸ ಮಾಡಲೇಬೇಕೇನು? ನನಗ ಶುಗರ್ ಅದ.

ಇನ್ಸುಲಿನ್ ಅಥವಾ ಶುಗರ್ ಗುಳಿಗೆ ತಗೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿಯಬಹುದು: ಕೈ ನಡುಕ, ತಣ್ಣನೆ ಬೆವರು, ಕಣ್ಣು ಕತ್ತಲೆ, ಎಚ್ಚರ ತಪ್ಪುವುದು. ವೈದ್ಯರನ್ನು ಕೇಳದೆ ಮಾಡಬೇಡಿ. ಬಸುರಿಯರು, ಎದೆಹಾಲು ಕುಡಿಸುವವರು, ಕಿಡ್ನಿ ತೊಂದರೆ ಇರುವವರಿಗೂ ಇದೇ ಮಾತು. ಪ್ರಾರ್ಥನಾ ಕೂಟದಲ್ಲಿ ಯಾರಿಗಾದರೂ ಹೀಗಾದರೆ, ಎಚ್ಚರ ಇದ್ದಲ್ಲಿ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಯೆಶಾಯ 58:6-7ರ ಉಪವಾಸಕ್ಕೆ, ಹಸಿದವರಿಗೆ ಅನ್ನ ಹಂಚುವುದಕ್ಕೆ, ಶುಗರ್ ಅಡ್ಡ ಬರುವುದಿಲ್ಲ.

ಡಿಸೆಂಬರ್ 31ರ ರಾತ್ರಿ ಪ್ರಮಾಣ ಮಾಡ್ತೀವಿ, ಸಂಕ್ರಾಂತಿಗೆ ಮುರೀತದ. ಯಾಕ?

ಪ್ರಮಾಣ ದೊಡ್ಡದು, ಮೊದಲ ಹೆಜ್ಜೆ ಇಲ್ಲ. "ಕುಡಿಯೋದು ಬಿಡ್ತೀನಿ" ಎಂದವನಿಗೆ ಜನವರಿ 1ರ ಸಂಜೆ ಏಳಕ್ಕೆ ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂಬುದು ಗೊತ್ತಿಲ್ಲ. ದೇವರೊಡನೆ ಪ್ರಮಾಣವನ್ನು ಹೊಸದು ಮಾಡಿಕೊಳ್ಳುವ ಮೆಥಡಿಸ್ಟ್ ಪಂಗಡದ ಒಡಂಬಡಿಕೆ ಆರಾಧನೆಯನ್ನು ಆ ಪಂಗಡ ಕಟ್ಟಿದ ಜಾನ್ ವೆಸ್ಲಿ 1755ರಲ್ಲಿ ಶುರುಮಾಡಿದಾಗ ಅದರ ಹಿಂದೆ ವಾರವಾರ ಕೂಡುವ ಸಣ್ಣ ಗುಂಪುಗಳ ಕಟ್ಟು ಇತ್ತು. ನಾವು ರಾತ್ರಿಯನ್ನು ಉಳಿಸಿಕೊಂಡೆವು, ವಾರವನ್ನು ಬಿಟ್ಟೆವು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಸಂಭವವಿದೆ, ಆದ್ದರಿಂದ ಅಂಥವರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ಸಭೆಯಾಗಿ ನಾವು ಏನು ಮಾಡಬಹುದು?

ಮೆಥಡಿಸ್ಟರ ಆ ಸಣ್ಣ ಗುಂಪುಗಳು ಹುಟ್ಟಿದ ಬಗೆ ಕೇಳಿ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ತಲೆಗೆ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದರು. ಬಡವರಿಂದ ಅದೂ ಆಗದು ಎಂಬ ಮಾತು ಬಂತು. ಆಗ ಒಬ್ಬರು, ನನ್ನ ಪಾಲಿಗೆ ಹನ್ನೊಂದು ಬಡವರನ್ನು ಕೊಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರ ಪೆನ್ನಿ ನಾನೇ ಹಾಕುತ್ತೇನೆ ಎಂದರು. ಹಾಗೆ ಮನೆ ಮನೆಗೆ ಹೋದವರಿಗೆ ಪೆನ್ನಿಯ ಜೊತೆ ಒಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲ ಕಂಡವು. ಸಾಲ ವಸೂಲಿಯ ಗುಂಪು ಆತ್ಮಗಳನ್ನು ವಿಚಾರಿಸುವ ಗುಂಪಾಯಿತು.

ನಮ್ಮ ಸೀಮೆಯಲ್ಲಿ ಈ ಕೆಲಸ ಎಲ್ಲಕ್ಕಿಂತ ಬೇಕಾದದ್ದು ಗುಳೆ ಹೋದವರ ಮನೆಗಳಿಗೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಊರಿನ ಮನೆಯಲ್ಲಿ ಉಳಿಯುವುದು ಮುದುಕರು, ಶಾಲೆಯ ಮಕ್ಕಳು. ಹನ್ನೆರಡು ಜನಕ್ಕೆ ಒಬ್ಬರು ಹೊಣೆ ಹೊರಲಿ. ಅವರ ಪುಸ್ತಕದಲ್ಲಿ ಇರಬೇಕಾದದ್ದು: ಯಾರು ಎಲ್ಲಿಗೆ ಹೋಗಿದ್ದಾರೆ, ಫೋನ್ ನಂಬರು, ಮನೆಯಲ್ಲಿ ಯಾರಿದ್ದಾರೆ, ಅಜ್ಜನ ಬಿಪಿ ಗುಳಿಗೆ ಯಾವ ತಾರೀಕಿಗೆ ಮುಗಿಯುತ್ತದೆ, ರೇಷನ್ ಅಂಗಡಿಯಲ್ಲಿ ಅಜ್ಜಿಯ ಬೆರಳಚ್ಚು ಹಿಡಿಯುತ್ತದೋ ಇಲ್ಲವೋ, ಮಗುವಿನ ಪರೀಕ್ಷೆ ಯಾವಾಗ. ಗುಳಿಗೆ ಮುಗಿಯುವ ಐದು ದಿನ ಮುಂಚೆ ಹೋಗಿ ಕೇಳಬೇಕು, ಮುಗಿದ ಮೇಲೆ ಕೇಳಿದರೆ ತಡವಾಯಿತು. ಈ ಪುಸ್ತಕವನ್ನು ಸಭೆಯಲ್ಲಿ ಓದಬಾರದು. ಬಹಿರಂಗ ಪ್ರಾರ್ಥನೆಯಲ್ಲಿ ಒಬ್ಬರ ಕಾಯಿಲೆಯ ಹೆಸರು ಹೇಳುವ ಮುಂಚೆ ಅವರನ್ನು ಕೇಳಬೇಕು. ಇದರಲ್ಲಿ ಎಡವಿದ ಗುಂಪಿಗೆ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ.

ದೇವರ ಕಾಳಜಿ ಮನುಷ್ಯರಿಗಷ್ಟೇ ಏನು? ಹೊಲ, ದನಕರ ಲೆಕ್ಕಕ್ಕಿಲ್ಲೇನು?

ಯೋನನ ಪುಸ್ತಕದ ಕಟ್ಟಕಡೆಯ ವಚನ ನೋಡಿ. ನಿನೆವೆಯಲ್ಲಿ ಎಡಗೈ ಬಲಗೈ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಜೊತೆಗೆ ಬಹಳ ದನಗಳೂ ಇವೆಯಲ್ಲ ಎಂದು ದೇವರು ಕೇಳುತ್ತಾನೆ, ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಹೊಲಕ್ಕೆ ಕೀರ್ತನೆ 65:9-10. ನೇಗಿಲ ಸಾಲುಗಳಿಗೆ ನೀರು ಕುಡಿಸಿ, ಹೆಂಟೆಗಳನ್ನು ಕರಗಿಸಿ, ಹದಮಳೆಯಿಂದ ಮೆತ್ತಗೆ ಮಾಡುತ್ತೀ ಎಂದು ದೇವರನ್ನು ಒಕ್ಕಲಿಗನಂತೆ ಹಾಡಿದೆ. ಎರಿ ಹೊಲ ಉಳುವವರಿಗೆ ಇದು ಕಣ್ಣೆದುರಿನ ಚಿತ್ರ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಕ್ಕೆ ಉದುರುತ್ತದೆ, ಮಳೆ ಬಿದ್ದಾಗ ನೆಲ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ವರ್ಷಾವರ್ಷ ಹೀಗೆ ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ. ತನ್ನನ್ನು ತಾನೇ ಉಳುವ ನೆಲ ಎಂದು ಮಣ್ಣುಶಾಸ್ತ್ರ ಬಲ್ಲವರು ಇದನ್ನು ಕರೆಯುವುದು ಈ ಗುಣಕ್ಕೇ. ಆ ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬರುತ್ತದೆ.

ಕೊಯ್ಲಾದ ಮೇಲೆ ಹಕ್ಕಲು ಆಯುವವರನ್ನು ಅಟ್ಟಬೇಡಿ. ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬಾರದು, ಉದುರಿದ ತೆನೆ ಬಡವರಿಗೆ, ಪರದೇಶಿಗೆ ಎಂಬ ಕಟ್ಟಳೆ ಇದೆ (ಯಾಜಕಕಾಂಡ 19:9-10). ರೂತಳು ಹಕ್ಕಲಾಯ್ದ ಹೊಲದಿಂದಲೇ ದಾವೀದನ ವಂಶ ಬೆಳೆಯಿತು.

ಪ್ರೀತಿಭೋಜನ ಆದ ಮ್ಯಾಲ ಅನ್ನ ಭಾಳ ಉಳೀತದ. ಏನು ಮಾಡಬೇಕು?

ಐದು ಜವೆಗೋದಿ ರೊಟ್ಟಿ, ಎರಡು ಮೀನು, ಐದು ಸಾವಿರ ಗಂಡಸರು. ಎಲ್ಲರಿಗೂ ಹೊಟ್ಟೆ ತುಂಬಿದ ಮೇಲೆ, ಇಷ್ಟು ಮಾಡಬಲ್ಲವರಿಗೆ ನಾಳೆಯೂ ಮಾಡುವುದು ಕಷ್ಟವಿರಲಿಲ್ಲ. ಆದರೂ ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಕೂಡಿಸಿರಿ ಎಂದರು (ಯೋಹಾನ 6:12). ಹನ್ನೆರಡು ಬುಟ್ಟಿ ತುಂಬಿದವು.

ಎಲೆಯಲ್ಲಿ ಉಳಿದದ್ದನ್ನೂ ಪಾತ್ರೆಯಲ್ಲಿ ಉಳಿದದ್ದನ್ನೂ ಬೆರೆಸಬೇಡಿ. ಎಲೆಯದು ದನಕ್ಕೆ, ಪಾತ್ರೆಯದು ಮನುಷ್ಯರಿಗೆ. ಎಲ್ಲರೂ ಉಣ್ಣುವ ತನಕ ಕಾಯದೆ, ಹೆಚ್ಚಾಗುತ್ತದೆ ಎಂದು ಕಂಡ ಕೂಡಲೇ ಕೈ ಹಾಕದ ಒಂದು ಪಾತ್ರೆಯನ್ನು ಮುಚ್ಚಿ ಬದಿಗಿಡಿ. ಬೆಂದ ಅನ್ನ, ಬೇಳೆ, ಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಒಂದೇ ಗಂಟೆ. ತಣ್ಣಗಾದ ಅನ್ನವನ್ನು ಬಿಸಿ ಮಾಡಿದರೂ ಅದರಲ್ಲಿ ಆಗಲೇ ಹುಟ್ಟಿದ ವಿಷ ಹೋಗುವುದಿಲ್ಲ. ಮೊಸರು ಬೆರೆಸಿದ್ದನ್ನು, ಕೊಬ್ಬರಿ ಹಾಕಿದ್ದನ್ನು ಕಳಿಸಲೇಬೇಡಿ. ಯಾರಿಗೆ ಎಂಬುದನ್ನು ಶನಿವಾರವೇ ಗೊತ್ತುಮಾಡಿ ಫೋನ್ ಮಾಡಿಟ್ಟುಕೊಳ್ಳಿ: ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರು, ಬಸ್ ನಿಲ್ದಾಣದ ಹಮಾಲರು, ಜಾತ್ರೆಗೆ ಬಂದು ಬಯಲಲ್ಲಿ ಬೀಡುಬಿಟ್ಟವರು. ಪಂಗಡ ಕೇಳಬೇಡಿ. ಸೇವೆ ಒಂದಕ್ಕೆ ಮುಗಿದರೆ ಆಟೋ ಒಂದೂವರೆಗೆ ಬಾಗಿಲಲ್ಲಿ ನಿಂತಿರಲಿ.